ಅಪ್ಪಯ್ಯಣ್ಣ ನೋಡಿಬಂದ ತೋಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದು ನನ್ನ ಗಂಡ ವಿನಯ್‌ಗೆ ಗೊತ್ತು, ದೋಹಾದ ನನ್ನ ಆಫೀಸಿಗೆಲ್ಲ ಗೊತ್ತು. ಇಲ್ಲಿಯ ನಜ್ಮಾ ಬಡಾವಣೆಯ ಟೈಲರ್ ಅಪ್ಪಯ್ಯಣ್ಣನಿಗೆ ನಾನು ಮೊದಲ ಸಲ ರವಿಕೆ ಹೊಲಿಸಲು ಹೋದಾಗಲೇ ಗೊತ್ತಾಯಿತು. ಹೇಳಿದ ತಾರೀಖಿಗೆ ಕೊಟ್ಟಿರಲಿಲ್ಲ. ಸಂಜೆ ಹಾಕಿಕೊಳ್ಳಬೇಕಾದ ರವಿಕೆ ಅದು. ಅಂಗಡಿಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ಎತ್ತದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ರವಿಕೆಯನ್ನು ಒಳಮಗ್ಗುಲು ತಿರುಗಿಸಿ ಮೇಜಿನ ಮೇಲೆ ಹಾಸಿದರು.

"ಹೊರಗೆ ಆಗಿದೆ ಮೇಡಮ್. ಒಳಗೆ ಇನ್ನೂ ಆಗ್ಲಿಲ್ಲ. ಒಳಗೆ ಆಗದೆ ಹೇಗೆ ಕೊಡುವುದು?"

ನಾನು ಬಗ್ಗಿ ನೋಡಿದೆ. ಒಂದು ದಾರದ ತುದಿ ಇಲ್ಲ, ಒಂದು ಸುಕ್ಕಿಲ್ಲ. ಏನಾಗಿಲ್ಲ ಎಂದು ಹೇಳುತ್ತಿದ್ದಾರೋ ಅದೇ ನನಗೆ ಕಾಣಲಿಲ್ಲ. ಅವತ್ತು ಸಂಜೆ ಹಳೆಯ ರವಿಕೆಯನ್ನೇ ಹಾಕಿಕೊಂಡೆ. ಮಾರನೆಯ ದಿನದಿಂದ ಬೇರೆ ಟೈಲರ್ ಹತ್ತಿರ ಹೋದದ್ದಿಲ್ಲ.

ಅಪ್ಪಯ್ಯಣ್ಣನ ಊರು ಕರಾವಳಿಯ ಕಿನ್ನಿಗೋಳಿಯ ಹತ್ತಿರ. ಕೆಲಸ ಕಲಿತದ್ದು ಅಲ್ಲಿಯ ಲೆಸ್ಲಿ ಮಾಸ್ಟರ್ ಎಂಬವರಿಂದ. ಸುತ್ತಲಿನ ಇಗರ್ಜಿಗಳಲ್ಲಿ ಮದುವೆಯಾಗುವ ಹೆಣ್ಣುಮಕ್ಕಳಿಗೆ ಬಿಳಿ ಗೌನ್ ಹೊಲಿಯುವುದರಲ್ಲಿ ಲೆಸ್ಲಿ ಮಾಸ್ಟರದ್ದು ದೊಡ್ಡ ಹೆಸರಂತೆ. ಶಿಷ್ಯರು ಹೊಲಿದು ತಂದದ್ದನ್ನು ಅವರು ಮೊದಲು ಮಗುಚಿ ನೋಡುತ್ತಿದ್ದರಂತೆ. ಒಳಗೆ ಒಂದು ದಾರ ಜೋತಾಡಿದರೂ ಮರದ ಸ್ಕೇಲು ಗೆಣ್ಣಿನ ಮೇಲೆ ಬೀಳುತ್ತಿತ್ತು. ಆ ಪೆಟ್ಟುಗಳ ಫಲವಾಗಿ ಅಪ್ಪಯ್ಯಣ್ಣ ಎಲ್ಲಿ ಬಟ್ಟೆ ಕಂಡರೂ ಅದರ ಅಂಚು ಮಗುಚಿ ನೋಡುತ್ತಾರೆ. ಆಸ್ಪತ್ರೆಯ ಪರದೆ, ಬಸ್ಸಿನ ಸೀಟಿನ ಕವರು, ಮಾತಾಡುತ್ತಾ ನಿಂತವರ ಅಂಗಿಯ ತುದಿ, ಯಾವುದನ್ನೂ ಬಿಡುವುದಿಲ್ಲ.

ದೋಹಾಕ್ಕೆ ಬಂದು ಮೂವತ್ತೆರಡು ವರ್ಷವಾಯಿತು. ನಜ್ಮಾದ ಸಣ್ಣ ಗಲ್ಲಿಯಲ್ಲಿ ಎರಡು ಹೊಲಿಗೆ ಮಿಷನ್, ಒಂದು ಕಟಿಂಗ್ ಟೇಬಲ್, ಗೋಡೆ ತುಂಬ ದಾರದ ಉಂಡೆ. ಪಕ್ಕದಲ್ಲಿ ನವಾಝ್‌ನ ಕೆಫೆಟೇರಿಯಾ. ಹೆಂಡತಿ ಪೂವಕ್ಕ ಊರಿನಲ್ಲೇ ಇದ್ದಾರೆ. ನಮ್ಮಂಥವರ ರವಿಕೆ, ಚೂಡಿದಾರ ಹೊಲಿಯುವುದು ಅಪ್ಪಯ್ಯಣ್ಣನ ನಿತ್ಯದ ಕೆಲಸ. ಜೀವ ತೇಯ್ದು ಮಾಡುವ ಕೆಲಸವೆಂದರೆ ಇಲ್ಲಿಯ ಅರಬರ ಮನೆಗಳ ಹೆಣ್ಣುಮಕ್ಕಳ ಹಬ್ಬದ ಉಡುಪು. ಅದರಲ್ಲೊಂದು ವಿಚಿತ್ರವಿದೆ. ಅಳತೆಗೆ ಒಂದು ಹಳೆಯ ಬಟ್ಟೆ ಬರುತ್ತದೆ, ಹೊಸದು ಹೊಲಿಗೆಯಾಗಿ ಹೋಗುತ್ತದೆ, ಅಷ್ಟೆ. ಹಾಕಿಕೊಳ್ಳುವವರನ್ನು ಇವರು ನೋಡುವಂತಿಲ್ಲ. ಅವರು ಹೊರಗೆ ಬಂದರೆ ಮೇಲೆ ಕಪ್ಪು ಅಬಾಯಾದ ನಿಲುವಂಗಿ ಇರುತ್ತದೆ. ಮದುವೆ, ಮದರಂಗಿ ಎಲ್ಲ ಹೆಂಗಸರದ್ದೇ ಕೂಟ. ಬಾಗಿಲಲ್ಲೇ ಎಲ್ಲರ ಫೋನು ಇಸಿದುಕೊಳ್ಳುತ್ತಾರೆ, ಹಾಗಾಗಿ ಫೋಟೋ ಕೂಡ ಆಚೆ ಬರುವುದಿಲ್ಲ. ಹೀಗೆ ಈ ಮನುಷ್ಯ ತನ್ನ ಒಳ್ಳೆಯ ಕೆಲಸವನ್ನೆಲ್ಲ ಮೂವತ್ತೆರಡು ವರ್ಷ ಮಡಚಿ ಕವರಿಗೆ ಹಾಕಿ ಕಳಿಸಿದ್ದೇ ಹೊರತು ಒಂದನ್ನೂ ಮೈಮೇಲೆ ನೋಡಿದವರಲ್ಲ.

ಅಂಥ ಮನೆಗಳಲ್ಲಿ ದೊಡ್ಡದು ಅಲ್ ರಯ್ಯಾನ್‌ನ ಉಮ್ಮ್ ಅಲಿಯವರದು. ಉಮ್ಮ್ ಅಲಿ ಎಂದರೆ ಅಲಿಯ ಅಮ್ಮ. ಇಲ್ಲಿ ಅದೇ ಹೆಸರಿನ ಹಾಲು-ಬ್ರೆಡ್ಡಿನ ಒಂದು ಸಿಹಿತಿಂಡಿಯೂ ಇದೆ, ಆದರೆ ಈ ಹೆಂಗಸು ಅಷ್ಟೇನೂ ಸಿಹಿಯಲ್ಲ. ಕಾರಿನಿಂದ ಇಳಿದರೆ ಗಲ್ಲಿಯೇ ಬದಿಗೆ ಸರಿದು ನಿಲ್ಲುತ್ತದೆ. ಆಕೆಯ ಕಿರಿಯ ಮಗಳು ಹೆಸ್ಸಾಳಿಗೆ ಜನವರಿಗೆ ಮದುವೆ ನಿಶ್ಚಯವಾಯಿತು. ಮದುವೆಯ ಹಿಂದಿನ ಮದರಂಗಿಯ ದಿನಕ್ಕೆ ಆ ಹುಡುಗಿ ಆಸೆಪಟ್ಟದ್ದು ಒಂದು ಹಸಿರು ವೆಲ್ವೆಟ್ ಉಡುಪು. ಹಿಂದಿನ ವರ್ಷ ಇಟಲಿಗೆ ಹೋದಾಗ ಫ್ಲಾರೆನ್ಸ್‌ನ ಒಂದು ಅರಮನೆಯಲ್ಲಿ ಇನ್ನೂರು ವರ್ಷ ಹಳೆಯ ಉಡುಪೊಂದರ ಫೋಟೋ ತೆಗೆದಿದ್ದಳು. ಅದರ ತೋಳೇ ತನಗೆ ಬೇಕು ಎಂದು ಹಟ. ಭುಜದಿಂದ ಕುಂಬಳಕಾಯಿಯ ಹಾಗೆ ಉಬ್ಬಿ, ಮೊಣಕೈ ಹತ್ತಿರ ಬಾಯಿ ತೆರೆದು ಮುಗಿಯುವ ತೋಳು. ಹುಡುಗಿಯ ಅತ್ತೆ, ಅಂದರೆ ತಂದೆಯ ಅಕ್ಕ, ಪ್ಯಾರಿಸ್ಸಿಗೆ ಕಳಿಸೋಣ ಅಂದಳಂತೆ. ಉಮ್ಮ್ ಅಲಿ ಮೊದಲು ಅಪ್ಪಯ್ಯಣ್ಣನನ್ನು ಕೇಳಿದಳು. ಇವರು ಫೋಟೋ ನೋಡಿ, ಆಗುತ್ತದೆ ಎಂದುಬಿಟ್ಟರು.

ಆಗಲಿಲ್ಲ. ಮೊದಲನೆಯ ತೋಳಿಗೆ ಕಾಲರಿಗೆ ಹಾಕುವ ಗಡಸು ಬಟ್ಟೆ ಬಕ್ರಮ್ ಹಾಕಿದರು, ತಗಡಿನ ಡಬ್ಬಿಯಾಯಿತು. ಎರಡನೆಯದಕ್ಕೆ ಗಟ್ಟಿ ನೆಟ್ ಹಾಕಿದರು, ಗಂಟೆಯೊಳಗೆ ಜೋತುಬಿತ್ತು. ಮೂರನೆಯದಕ್ಕೆ ನೆರಿಗೆ ಹೆಚ್ಚು ಮಾಡಿದರು, ವೆಲ್ವೆಟ್ಟಿನ ಭಾರಕ್ಕೆ ಅದು ಒದ್ದೆ ಬಟ್ಟೆಯಂತೆ ನೇತಾಡಿತು. ನಾನು ದೀಪಾವಳಿಯ ರವಿಕೆಗೆಂದು ಹೋದಾಗ ಮೂರೂ ತೋಳುಗಳು ಮೇಜಿನ ಮೇಲೆ ಬಿದ್ದಿದ್ದವು. ಅಪ್ಪಯ್ಯಣ್ಣ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಅವರು ಕೈ ಕಟ್ಟಿ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಈ ತೋಳು ನಿಲ್ಲದಿದ್ರೆ ನಾನು ಕತ್ತರಿ ಕೆಳಗೆ ಇಡ್ತೇನೆ ಮೇಡಮ್. ಊರಿಗೆ ಹೋಗ್ತೇನೆ. ಆಗ್ತದೆ ಅಂತ ಹೇಳಿ ಆಗದ್ದು ಇದೊಂದೇ."

ಗಂಡಸರು ಹೀಗೆ ನಾಟಕ ಆಡುವುದು ನನಗೆ ಹೊಸದಲ್ಲ, ವಿನಯ್ ನೆಗಡಿಯಾದರೂ ಉಯಿಲು ಬರೆಯುವವರ ಹಾಗೆ ಮಾತಾಡುತ್ತಾರೆ. ಆದರೆ ಅಪ್ಪಯ್ಯಣ್ಣ ನಾಟಕದವರಲ್ಲ. ನನಗೆ ಹೆದರಿಕೆಯಾಯಿತು. ಏನಾದರೂ ಸಮಾಧಾನ ಹೇಳೋಣವೆಂದು, ಡಿಸೆಂಬರ್ ರಜೆಯಲ್ಲಿ ನಾವು ಇಟಲಿಗೇ ಹೋಗುತ್ತಿದ್ದೇವೆ, ಆ ತೋಳಿನ ಫೋಟೋ ಎಲ್ಲಾ ಕಡೆಯಿಂದ ತೆಗೆದು ತರುತ್ತೇನೆ ಅಂದೆ. ಅದೇ ಹೊತ್ತಿಗೆ ಉಮ್ಮ್ ಅಲಿ ಒಳಗೆ ಬಂದಳು. ವಿಷಯ ಕೇಳಿದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಫೋಟೋ ನಮ್ಮ ಹತ್ತಿರ ಬೇಕಾದಷ್ಟಿದೆ, ನೀನು ಫೋಟೋ ತರಬೇಡ, ಇವನನ್ನೇ ಕರೆದುಕೊಂಡು ಹೋಗು, ಯಲ್ಲಾ, ಹೊರಡಿ, ಅಂದಳು. ಟಿಕೆಟ್ಟು, ವೀಸಾ ಎಲ್ಲ ಮಗ ಅಲಿ ನೋಡಿಕೊಂಡ. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ವಿನಯ್ ಒಂದು ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಪ್ಲಾನರ್. ಪ್ರವಾಸವನ್ನೂ ಸೇತುವೆ ಕಟ್ಟುವ ಹಾಗೆ ಪ್ಲಾನ್ ಮಾಡುತ್ತಾರೆ. ಫ್ಲಾರೆನ್ಸ್‌ಗೆ ಒಂದೇ ದಿನ. ಬೆಳಿಗ್ಗೆ ಎಂಟೂಕಾಲಿಗೆ ಉಫೀಝಿ ಚಿತ್ರಶಾಲೆ, ಮಧ್ಯಾಹ್ನ ನದಿಯಾಚೆಯ ಅರಮನೆಯ ಚಿತ್ರಗಳು, ಆಮೇಲೆ ರಾಜರ ಕೋಣೆಗಳು, ಐದು ಗಂಟೆಗೆ ಉಡುಪುಗಳ ವಿಭಾಗ. ತೋಳನ್ನೇ ನೋಡಲು ಬಂದವರನ್ನು ಮೊದಲು ತೋಳಿನ ಹತ್ತಿರ ಕರೆದುಕೊಂಡು ಹೋಗುವುದು ಬಿಟ್ಟು ಕೊನೆಗೆ ಯಾಕೆ ಇಟ್ಟಿರಿ ಎಂದು ಕೇಳಿದೆ. ನಡೆಯುವ ದೂರ ಒಂದೂವರೆ ಕಿಲೋಮೀಟರ್ ಉಳಿಯುತ್ತದಂತೆ. ಆವತ್ತು ನಾನು ಅದನ್ನು ಅಲ್ಲಿಗೇ ಬಿಟ್ಟದ್ದು ದೊಡ್ಡ ತಪ್ಪು.

ಫ್ಲಾರೆನ್ಸ್‌ನಲ್ಲಿ ಕಿತ್ತು ತಿನ್ನುವ ಚಳಿ. ಅಪ್ಪಯ್ಯಣ್ಣ ವಿನಯ್‌ನ ಹಳೆಯ ಜಾಕೆಟ್ ಹಾಕಿ, ಅದರ ಮೇಲೆ ಮಂಕಿ ಕ್ಯಾಪ್ ಏರಿಸಿದ್ದರು. ಹೊರಡುವ ಮುಂಚೆ ಜಾಕೆಟ್ಟಿನ ಒಳಗಿನ ಹೊಲಿಗೆ ನೋಡಿ ಮುಖ ಸಿಂಡರಿಸಿದ್ದೂ ಆಗಿತ್ತು. ಚಿತ್ರಶಾಲೆಯೊಳಗೆ ಇವರಿಗೆ ಬೇಸರವಾದೀತು, ಎಲ್ಲಾದರೂ ಬೆಂಚಿನ ಮೇಲೆ ಕೂರಿಸಿ ನಾವು ಬೇಗ ನೋಡಿ ಬರೋಣ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಬೆಪ್ಪಾದವಳು ನಾನೇ. ವಿನಯ್ ಕಿವಿಗೆ ಆಡಿಯೋ ಗೈಡ್ ಸಿಕ್ಕಿಸಿಕೊಂಡು ಕೋಣೆಯಿಂದ ಕೋಣೆಗೆ ಓಡುತ್ತಿದ್ದರೆ, ಅಪ್ಪಯ್ಯಣ್ಣ ಮೂರನೇ ಕೋಣೆಯಲ್ಲೇ ಹಿಂದೆ ಉಳಿದರು.

ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೂತ ದೊರೆಯ ಹೆಂಡತಿಯ ಚಿತ್ರವೊಂದಿದೆ. ಮೈತುಂಬ ಜರಿಬಳ್ಳಿಯ ಗೌನು. ಕಷ್ಟಪಟ್ಟು ಅಲ್ಲಿಯವರೆಗೆ ಕರೆತಂದ ಮೇಲೆ ಅವರ ಕಾಲು ಅಲ್ಲಾಡಲಿಲ್ಲ. ಎದೆಯ ಮಧ್ಯದ ದೊಡ್ಡ ಹೂವು ಎರಡೂ ಕಡೆ ಸಮ ಬರಬೇಕಾದರೆ ಎಷ್ಟು ಬಟ್ಟೆ ಹಾಳು ಮಾಡಿರಬೇಕು ಎಂದು ಲೆಕ್ಕ ಹಾಕಿದರು. ತೋಳು ಎಲ್ಲಿ ಮಡಚಿದೆ, ಕೂತಾಗ ಸೊಂಟದ ಹತ್ತಿರ ಬಟ್ಟೆ ಹೇಗೆ ಎದ್ದಿದೆ ಎಂದು ಬೆರಳು ಗಾಳಿಯಲ್ಲಿ ಆಡಿಸಿ ತೋರಿಸಿದರು.

"ಇದನ್ನು ಹೊಲಿದವ ಪುಣ್ಯವಂತ ಮೇಡಮ್. ಹಾಕಿಕೊಂಡು ಕೂತದ್ದನ್ನು ಯಾರೋ ಬರೆದು ಇಟ್ಟಿದ್ದಾರೆ. ಅವ ಬಂದು ನೋಡಿರಬಹುದು."

ಅಲ್ಲಿಂದ ಮುಂದೆ ಅವರು ಒಂದು ಚಿತ್ರವನ್ನೂ ಬಿಡಲಿಲ್ಲ. ಜಗತ್ತಿನ ಜನ ಮುಖ ನೋಡುವಲ್ಲಿ ಇವರು ಮೊಣಕೈ ನೋಡಿದರು. ದೇವತೆಗಳ ಮೇಲುಹೊದಿಕೆ ಒಂದೇ ತುಂಡಿನದ್ದು, ಕಟಿಂಗೇ ಇಲ್ಲ, ಅದರಲ್ಲೇನು ದೊಡ್ಡಸ್ತಿಕೆ ಅಂದರು. ಒಬ್ಬ ಧರ್ಮಗುರುವಿನ ಕೆಂಪು ಅಂಗಿಯ ಹೆಗಲು ಒಂದು ಇಂಚು ಇಳಿದಿದೆ ಎಂದು ಬೇಸರಪಟ್ಟುಕೊಂಡರು. ಚಿಪ್ಪಿನ ಮೇಲೆ ಬರಿಮೈಯಲ್ಲಿ ನಿಂತ ದೇವಿಯ ಮುಂದೆ ಇನ್ನೂರು ಜನ ಫೋನ್ ಎತ್ತಿ ಹಿಡಿದಿದ್ದರು. ಅಪ್ಪಯ್ಯಣ್ಣ ಒಮ್ಮೆ ಕಣ್ಣೆತ್ತಿ, ತಕ್ಷಣ ಇಳಿಸಿ, ಮುಂದೆ ನಡೆದರು. ಇಲ್ಲಿ ನನಗೆ ಕೆಲಸ ಇಲ್ಲ ಮೇಡಮ್, ಅಂದರು. ನಾನು ಆ ಕೋಣೆಯಿಂದ ಹೊರಗೆ ಬರುವವರೆಗೂ ನಗುತ್ತಿದ್ದೆ.

ಹೀಗೆ ನಗುತ್ತಾ ನಾವು ವಿನಯ್‌ನ ಟೈಮ್‌ಟೇಬಲ್‌ಗಿಂತ ಒಂದು ಗಂಟೆ ತಡವಾದೆವು. ಹಳೆಯ ಸೇತುವೆಯ ಹತ್ತಿರ ನಿಂತೇ ಅಪ್ಪಯ್ಯಣ್ಣ ತಂದಿದ್ದ ಚಪಾತಿ ಸುರುಳಿ ತಿಂದು ಅರಮನೆಗೆ ಓಡಿದೆವು. ನಾನು ಮೈಸೂರಿನವಳು. ಅರಮನೆ ವಿಷಯದಲ್ಲಿ ನಮಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗೆ ಹುಟ್ಟಿನಿಂದಲೇ ಇದೆ. ಆದರೂ ಒಪ್ಪಿಕೊಳ್ಳಬೇಕು, ಆ ಚಿತ್ರಗಳ ಕೋಣೆಗಳಲ್ಲಿ ಕತ್ತು ನೋಯುವವರೆಗೂ ಮೇಲೆ ನೋಡಿದೆ. ಗೋಡೆಯಲ್ಲಿ ಅಂಗೈಯಗಲ ಜಾಗ ಬಿಡದೆ ಚಿತ್ರ, ಛಾವಣಿಯಲ್ಲಿ ಚಿತ್ರ, ಚಿತ್ರದ ಚೌಕಟ್ಟೂ ಚಿತ್ರ. ಜೀವನದಲ್ಲಿ ಒಂದೇ ದಿನಕ್ಕೆ ಇಷ್ಟು ಬಂಗಾರದ ಬಣ್ಣ ನೋಡಿದರೆ ತಲೆ ತಿರುಗುತ್ತದೆ.

ರಾಜರ ಮಲಗುವ ಕೋಣೆಗೆ ಬಂದಾಗ ಗಂಟೆ ನಾಲ್ಕೂಮುಕ್ಕಾಲು. ಹಗ್ಗ ಕಟ್ಟಿ ಎಲ್ಲ ದೂರದಿಂದ ನೋಡುವಂತೆ ಮಾಡಿದ್ದರು. ಆದರೆ ಬಾಗಿಲ ಪಕ್ಕದ ಕೆಂಪು ರೇಷ್ಮೆಯ ಪರದೆ ಮಾತ್ರ ಹಗ್ಗಕ್ಕೆ ತೀರಾ ಹತ್ತಿರ. ವಿನಯ್ ಮಂಚದ ಫೋಟೋ ತೆಗೆಯುತ್ತಿದ್ದರು, ನಾನು ಮಂಚ ಎಷ್ಟು ಕುಳ್ಳಗಿದೆ ಎಂದು ನೋಡುತ್ತಿದ್ದೆ. ಪಕ್ಕದಲ್ಲಿ ಕೀಂ ಎಂದು ಅಲಾರಂ ಸದ್ದಾಯಿತು. ತಿರುಗಿದರೆ ಅಪ್ಪಯ್ಯಣ್ಣ ಹಗ್ಗದ ಮೇಲಿಂದ ಬಗ್ಗಿ, ಪರದೆಯ ಅಂಚು ಮಗುಚಿ, ಕನ್ನಡಕ ಹಣೆಗೇರಿಸಿ ಒಳಹೊಲಿಗೆ ನೋಡುತ್ತಿದ್ದಾರೆ.

ಇಬ್ಬರು ಕಾವಲಿನವರು ಓಡಿಬಂದರು, ಆಮೇಲೆ ಅವರ ಮೇಲಿನವನೊಬ್ಬ ಬಂದ. ವಿನಯ್ ಸಾರಿ ಸಾರಿ ಎಂದು ನೂರು ಸಲ ಅಂದರು. ಪಾಸ್‌ಪೋರ್ಟ್ ತೋರಿಸಿ, ಹೆಸರು ಬರೆಸಿ, ಇನ್ನೊಂದು ಸಲ ಕೈ ಮುಂದೆ ಹೋದರೆ ಹೊರಗೆ ಕಳಿಸುತ್ತೇವೆ ಅನ್ನಿಸಿಕೊಂಡು ಬಿಡಿಸಿಕೊಳ್ಳುವಾಗ ಐದೂವರೆ. ಆರೂವರೆಗೆ ಅರಮನೆ ಮುಚ್ಚುತ್ತದೆ. ಉಡುಪುಗಳ ವಿಭಾಗ ಬೇರೆ ಮಹಡಿಯಲ್ಲಿ, ಇನ್ನೊಂದು ತುದಿಗೆ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಮೆಟ್ಟಿಲುದ್ದಕ್ಕೂ ಬೈದೆ. ಎರಡು ದೇಶ ದಾಟಿಸಿ ಕರೆತಂದದ್ದು ಯಾರದೋ ಪರದೆ ಮಗುಚಲಿಕ್ಕಾ, ಉಮ್ಮ್ ಅಲಿಗೆ ನಾನು ಏನು ಮುಖ ತೋರಿಸಲಿ, ನಿಮ್ಮ ಲೆಸ್ಲಿ ಮಾಸ್ಟರ್ ಸ್ಕೇಲನ್ನು ಈ ಕಾವಲಿನವರಿಗೇ ಕೊಟ್ಟು ಹೋಗಬೇಕಿತ್ತು, ಹೀಗೆಲ್ಲ. ಅಪ್ಪಯ್ಯಣ್ಣ ಮಂಕಿ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಹಿಂದೆ ಬರುತ್ತಿದ್ದರು.

"ಕೈ ಹೋಯ್ತು ಮೇಡಮ್," ಅಂದರು. "ನಾನು ಹೋಗ್ಲಿಲ್ಲ."

ವಯಸ್ಸಿನಲ್ಲಿ ನನ್ನ ತಂದೆಯಂಥವರನ್ನು ಪರದೇಶದ ಮೆಟ್ಟಿಲ ಮೇಲೆ ಎಳೆಮಗುವನ್ನು ಬೈದ ಹಾಗೆ ಬೈದೆನಲ್ಲ ಎಂದು ನಾಚಿಕೆಯಾಯಿತು. ಉಡುಪುಗಳ ವಿಭಾಗ ಮುಟ್ಟಿದಾಗ ಉಳಿದದ್ದು ಮುಕ್ಕಾಲು ಗಂಟೆ. ಆ ತೋಳು ಯಾವ ಕೋಣೆಯಲ್ಲಿದೆ ಎಂದು ಹುಡುಕುವುದರಲ್ಲಿ ಇಪ್ಪತ್ತು ನಿಮಿಷ ಹೋಯಿತು.

ಕೊನೆಗೆ ಸಿಕ್ಕಿತು. ಮಬ್ಬು ಬೆಳಕಿನ ಕೋಣೆ, ಗಾಜಿನ ಪೆಟ್ಟಿಗೆ, ಒಳಗೆ ಎತ್ತರದ ಪೀಠದ ಮೇಲೆ ತಲೆಯಿಲ್ಲದ ಗೊಂಬೆಗೆ ಹಾಕಿದ ಕಡುನೀಲಿ ಉಡುಪು. ತೋಳುಗಳು ಇನ್ನೂರು ವರ್ಷದಿಂದ ಹಾಗೇ ಉಬ್ಬಿ ನಿಂತಿದ್ದವು. ಅಪ್ಪಯ್ಯಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪೆಟ್ಟಿಗೆಯನ್ನು ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಮೂರನೆಯ ಸುತ್ತಿಗೆ ಅವರ ಮುಖ ಸಪ್ಪಗಾಯಿತು. ಫೋಟೋದಲ್ಲಿ ಕಂಡದ್ದೇ ಇಲ್ಲೂ ಕಾಣುತ್ತಿತ್ತು. ಹೊರಗಿನದು ಎಲ್ಲವೂ ಗೊತ್ತಿತ್ತು, ಬೇಕಾದದ್ದು ಒಳಗಿನದು. ಮಗುಚಿ ನೋಡುವಂತಿಲ್ಲ, ಮುಟ್ಟುವಂತಿಲ್ಲ. ಹೊರಗೆ ಎಲ್ಲೋ ಮುಚ್ಚುವ ಗಂಟೆಯೂ ಬಾರಿಸಿತು.

ಆಗ ಅಪ್ಪಯ್ಯಣ್ಣ ಮಂಕಿ ಕ್ಯಾಪನ್ನು ತಲೆದಿಂಬು ಮಾಡಿ, ಅರಮನೆಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು. ಮಲಗಿ, ಗಾಜಿನ ಬುಡದವರೆಗೆ ಜಾರಿ, ತೋಳಿನ ತೆರೆದ ಬಾಯಿಯೊಳಗೆ ಕೆಳಗಿನಿಂದ ಕಣ್ಣು ನೆಟ್ಟರು.

ಆ ಕೋಣೆಯ ಕಾವಲಿನ ಹೆಂಗಸು ಮನುಷ್ಯ ಬಿದ್ದುಬಿಟ್ಟನೆಂದು ಓಡಿಬಂದಳು. ಅರವತ್ತರ ಹತ್ತಿರದವಳು, ಕುತ್ತಿಗೆಯಲ್ಲಿ ಕನ್ನಡಕದ ಸರ. ಬಿದ್ದದ್ದಲ್ಲ, ಮಲಗಿದ್ದು ಎಂದು ಗೊತ್ತಾದಾಗ ಅವಳ ಮುಖ ಬಿಗಿಯಿತು, ಕೈ ಸೊಂಟದ ವಾಕಿಟಾಕಿಗೆ ಹೋಯಿತು. ಪರದೆಯ ಸುದ್ದಿ ಇಲ್ಲಿಗೂ ಮುಟ್ಟಿರಬೇಕು. ನಾನು ಅಡ್ಡ ನಿಂತೆ. ನನ್ನ ಸಿಟ್ಟು ಜೀವನದಲ್ಲಿ ಒಂದು ಸಲವಾದರೂ ಉಪಯೋಗಕ್ಕೆ ಬಂದಿದ್ದರೆ ಅದು ಅಲ್ಲಿ. ಈತ ಟೈಲರ್, ಕತಾರಿನಿಂದ ಬಂದಿದ್ದಾನೆ, ಈ ಒಂದು ತೋಳಿನ ಒಳಗೆ ನೋಡದಿದ್ದರೆ ನಾಳೆಯಿಂದ ಕೆಲಸ ಬಿಡುತ್ತಾನೆ, ನಿಮಗೆ ಕರೆಯಬೇಕಾದವರನ್ನು ಕರೆಯಿರಿ, ನಾನು ಇಲ್ಲಿಂದ ಕದಲುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒದರಿದೆ. ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಕೆಳಗೆ ಮಲಗಿದ್ದ ಅಪ್ಪಯ್ಯಣ್ಣ ತಮ್ಮ ಬಲಗೈ ಎತ್ತಿ ಅವಳಿಗೆ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ದಪ್ಪಗಟ್ಟಿದ ಜಡ್ಡು, ತೋರುಬೆರಳಿನ ತುದಿಯ ತುಂಬ ಸೂಜಿಯ ತೂತು.

ಅವಳು ಆ ಕೈಯನ್ನು ನೋಡಿದಳು. ವಾಕಿಟಾಕಿ ಬಿಟ್ಟು ಸಣ್ಣ ಟಾರ್ಚ್ ತೆಗೆದಳು. ಮೊಣಕಾಲೂರಿ ಕೂತು, ಗಾಜಿನ ಕೆಳಗಿನಿಂದ ತೋಳಿನ ಬಾಯಿಗೆ ಬೆಳಕು ಬಿಟ್ಟಳು. ಎರಡೇ ನಿಮಿಷ ಎಂದು ಬೆರಳಿನಲ್ಲಿ ಹೇಳಿದಳು.

ನಾನೂ ಬಗ್ಗಿದೆ. ಮೇಲೆ ಕಡುನೀಲಿ ರೇಷ್ಮೆ, ಒಳಗೆ ಸಂತೆ. ಕಂಬಳಿಯ ಚೂರು, ಗೋಣಿಯಂಥ ಒರಟು ಬಟ್ಟೆ, ಇನ್ಯಾರದೋ ಉಡುಪಿನ ಹಳದಿ ತುಂಡು. ಹೊಲಿಗೆಯಾಚೆ ಕತ್ತರಿಸದೆ ಬಿಟ್ಟ ನಾಲ್ಕು ಬೆರಳಗಲದ ಮಾರ್ಜಿನ್, ಅದೇ ಬಟ್ಟೆಯನ್ನು ಮಡಚಿ ಮಡಚಿ ಭುಜದ ಬುಡದಲ್ಲಿ ತುರುಕಿತ್ತು. ಹೊಲಿಗೆ ಎಲ್ಲೆಂದರಲ್ಲಿ ಓಡಿತ್ತು. ನೀಲಿ ದಾರ ಮುಗಿದಿರಬೇಕು, ಅರ್ಧಕ್ಕೆ ಕಪ್ಪು ದಾರ. ನಾನು ಹೊಲಿದರೂ ಇದಕ್ಕಿಂತ ಚೆನ್ನಾಗಿರುತ್ತಿತ್ತು. ಅಪ್ಪಯ್ಯಣ್ಣ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಟಾರ್ಚ್ ಆರಿದ ಮೇಲೂ ಮಲಗೇ ಇದ್ದರು. ಮೆಲ್ಲಗೆ ಹೊಟ್ಟೆ ಅಲುಗಿತು. ನಗುತ್ತಿದ್ದರು. ನಗುತ್ತಲೇ ಕಣ್ಣಿನ ಬದಿಯಿಂದ ನೀರು ಕಿವಿಗೆ ಇಳಿಯಿತು.

"ಒಳಗೆ ಏನೂ ಚಂದ ಇಲ್ಲ ಮಾರಾಯ್ರೆ," ಅಂದರು. "ಅದಕ್ಕೇ ನಿಂತಿದೆ. ನಾನು ಎಲ್ಲ ಚಂದ ಮಾಡಿ, ಕತ್ತರಿಸಿ, ಖಾಲಿ ಮಾಡಿ ಇಟ್ಟೆ."

ದೋಹಾಕ್ಕೆ ಬಂದ ಮಾರನೆಯ ದಿನವೇ ಹಸಿರು ತೋಳು ಬಿಚ್ಚಿ ಶುರುಮಾಡಿದರು. ಮಾರ್ಜಿನ್ ಕತ್ತರಿಸಬಾರದು, ಚೂರುಗಳನ್ನು ಬಿಸಾಡಬಾರದು ಎಂಬುದನ್ನು ಐವತ್ತೆಂಟನೇ ವಯಸ್ಸಿನಲ್ಲಿ ಕೈಗೆ ಕಲಿಸುವುದು ಸುಲಭವಲ್ಲ. ಕತ್ತರಿ ತಾನಾಗಿ ದಾರದ ತುದಿಗೆ ಹೋಗುತ್ತಿತ್ತಂತೆ, ಅದನ್ನು ನವಾಝ್‌ನ ಕೆಫೆಟೇರಿಯಾದಲ್ಲಿ ಬಿಟ್ಟುಬಂದು ಹೊಲಿದರಂತೆ. ಮುಗಿಸಿ ಕೊಡುವಾಗ ಉಮ್ಮ್ ಅಲಿಗೆ ತಾವೇ ಒಳಗೆ ಮಗುಚಿ ತೋರಿಸಿದರು. ಇದು ಹೀಗೆಯೇ ಇರಬೇಕು, ನೋಡಿದರೆ ನನಗೇ ಹೇಸಿಗೆ, ಆದರೆ ಹೀಗೇ ಇರಬೇಕು ಅಂದರು. ಆಕೆ ಮೂಗು ಮುರಿದಳು. ನಿಂತರೆ ಖಲಾಸ್, ಅಷ್ಟೇ ಸಾಕು, ಅಂದಳು.

ಅಂಗಡಿಯ ಮರದ ಗೊಂಬೆಯ ಮೇಲೆ ನಿಂತಿತ್ತು, ನಿಜ. ಆದರೆ ಗೊಂಬೆ ಕೂರುವುದಿಲ್ಲ, ಕೈ ಎತ್ತುವುದಿಲ್ಲ, ಗೊಂಬೆಯನ್ನು ಯಾರೂ ಅಪ್ಪಿಕೊಳ್ಳುವುದಿಲ್ಲ. ಹೆಸ್ಸಾ ಮನೆಯಲ್ಲಿ ಹಾಕಿ ನೋಡಿದಳೆಂದೂ ಚೆನ್ನಾಗಿದೆಯೆಂದೂ ಡ್ರೈವರ್ ಮೂಲಕ ಎರಡೇ ಪದದ ಸುದ್ದಿ ಬಂತು. ಟೈಲರಿಗೆ ಅದರಿಂದ ಏನು ತಿಳಿಯುತ್ತದೆ? ಅಷ್ಟರಲ್ಲಿ ಉಮ್ಮ್ ಅಲಿಯಿಂದ ನನಗೆ ಮದರಂಗಿಯ ಕರೆಯೋಲೆ ಬಂತು, ನನ್ನ ಟೈಲರನ್ನು ಕಳೆಯದೆ ವಾಪಸು ತಂದವಳು ಬರಲಿ ಎಂದು. ಅಪ್ಪಯ್ಯಣ್ಣ ನನ್ನನ್ನು ಅಂಗಡಿಗೆ ಕರೆಸಿ, ಒಳಗೆ ಬಂದಾಗ, ಕೂತಾಗ, ಕೈ ಚಾಚಿದಾಗ, ಎದ್ದಾಗ ಏನೇನು ನೋಡಬೇಕೆಂದು ಒಂದೊಂದಾಗಿ ಹೇಳಿದರು. ಪರೀಕ್ಷೆಗೆ ಹೋಗುವವಳ ಹಾಗೆ ನಾನು ಬಾಯಿಪಾಠ ಮಾಡಿಕೊಂಡೆ.

"ಒಂದು ಮಾತು ಮೇಡಮ್. ನನಗೆ ಬೇಜಾರಾಗ್ತದೆ ಅಂತ ಸುಳ್ಳು ಹೇಳ್ಬೇಡಿ. ಬಿದ್ರೆ ಬಿತ್ತು ಅನ್ನಿ."

ಆ ಮದರಂಗಿಯ ಕೂಟದಲ್ಲಿ ಹಾಡಿತ್ತಂತೆ, ಊಟ ಅದ್ಭುತವಾಗಿತ್ತಂತೆ. ನನಗೆ ಒಂದೂ ನೆನಪಿಲ್ಲ. ಏಲಕ್ಕಿ ಕಾಫಿಯ ಸಣ್ಣ ಲೋಟ ಹಿಡಿದುಕೊಂಡು ಇಡೀ ಸಂಜೆ ಎರಡು ತೋಳುಗಳನ್ನು ದಿಟ್ಟಿಸುತ್ತಾ ಕೂತೆ. ಪಕ್ಕದ ಹೆಂಗಸು ನನಗೆ ತಲೆ ಸರಿಯಿಲ್ಲವೆಂದು ತಿಳಿದು ಜಾಗ ಬದಲಿಸಿದಳು.

ಮರುದಿನ ಶುಕ್ರವಾರ ಬೆಳಿಗ್ಗೆ ನಜ್ಮಾಕ್ಕೆ ಹೋದೆ. ವಾರದ ರಜೆ, ನವಾಝ್‌ನ ಕೆಫೆಟೇರಿಯಾ ಬಿಟ್ಟರೆ ಅಪ್ಪಯ್ಯಣ್ಣನ ಅಂಗಡಿಯೊಂದೇ ತೆರೆದಿತ್ತು. ಮೇಜಿನ ಮೇಲೆ ಕೆಲಸವಿರಲಿಲ್ಲ. ನವಾಝ್ ತಂದಿಟ್ಟ ಚಹಾದ ಮೇಲೆ ಕೆನೆಗಟ್ಟಿತ್ತು. ನನ್ನನ್ನು ಕಂಡು ಎದ್ದು ನಿಂತರು.

ನಾನು ಶುರುವಿನಿಂದ ಹೇಳಿದೆ. ಹೆಸ್ಸಾ ಒಳಗೆ ಬಂದಾಗ ತೋಳು ನಿಂತಿತ್ತು. ಮದರಂಗಿ ಹಚ್ಚಿಸಿಕೊಳ್ಳಲು ಎರಡೂ ಕೈ ದಿಂಬಿನ ಮೇಲೆ ಚಾಚಿ ಒಂದು ಗಂಟೆ ಕೂತಳು, ಅಲುಗಲಿಲ್ಲ. ಆಮೇಲೆ ಪ್ಯಾರಿಸ್ಸಿಗೆ ಕಳಿಸೋಣ ಅಂದಿದ್ದ ಆ ಅತ್ತೆ ಬಂದಳು. ಗಜಗಾತ್ರದ ಹೆಂಗಸು. ಹುಡುಗಿಯನ್ನು ಬಾಚಿ ತಬ್ಬಿಕೊಂಡಳು. ಎಡದ ತೋಳು ಅಪ್ಪಚ್ಚಿಯಾಗಿ ಹೋಯಿತು. ಅಪ್ಪಯ್ಯಣ್ಣ ಮೇಜಿನ ಅಂಚು ಹಿಡಿದುಕೊಂಡರು. ಅತ್ತೆ ಬಿಟ್ಟಳು, ಹಿಂದೆ ಸರಿದಳು. ತೋಳು ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಯಾರೂ ಮುಟ್ಟದೆ, ತಾನಾಗಿ, ಮೆಲ್ಲಗೆ ಎದ್ದು ನಿಂತಿತು. ಇದು ಯಾವ ಊರಿನ ಕೆಲಸ ಎಂದು ಅತ್ತೆ ಕೇಳಿದಳು. ನಜ್ಮಾ, ಅಂದಳು ಉಮ್ಮ್ ಅಲಿ.

ಆ ಕೊನೆಯ ಮಾತಿಗೆ ಅವರು ಹಿಗ್ಗುತ್ತಾರೆಂದು ನಾನು ಕಾದಿದ್ದೆ. ಅದು ಅವರ ಕಿವಿಗೇ ಬಿದ್ದಂತಿರಲಿಲ್ಲ.

"ಎದ್ದದ್ದು ಎದುರಿನಿಂದಲಾ, ಹಿಂದಿನಿಂದಲಾ?"

ನನಗೆ ಹೇಳಲು ಬರಲಿಲ್ಲ. ಕೈಯಲ್ಲಿ ತೋರಿಸಿದೆ, ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ತೋರಿಸಿದೆ, ಮತ್ತೂ ತಿಳಿಯಲಿಲ್ಲ. ನನ್ನ ಸಿಟ್ಟು ಏರಿತು. ಒಂದು ತೋಳು ಕೊಡಿ ಇಲ್ಲಿ ಅಂದೆ. ವೆಲ್ವೆಟ್ಟಿಗೆ ಕೈ ಹಾಕುವ ಮುಂಚೆ ಅಗ್ಗದ ಬಟ್ಟೆಯಲ್ಲಿ ಹೊಲಿದು ನೋಡಿದ ಅದೇ ಅಳತೆಯ ತೋಳೊಂದು ಅಲ್ಲಿತ್ತು. ಅದನ್ನು ನನ್ನ ಕುರ್ತಾದ ಮೇಲೆ ಏರಿಸಿ, ಭುಜಕ್ಕೆ ನಾನೇ ಪಿನ್ನು ಚುಚ್ಚಿಕೊಂಡೆ. ಬಾಗಿಲ ಹತ್ತಿರ ಹೋಗಿ ಅಲ್ಲಿಂದ ಹೆಸ್ಸಾಳ ಹಾಗೆ ನಡೆದು ಬಂದೆ. ಹೊಲಿಗೆ ಮಿಷನ್‌ಗಳ ನಡುವೆ ಎರಡಡಿ ಜಾಗ. ಸ್ಟೂಲಿನ ಮೇಲೆ ಕೂತೆ, ಮದರಂಗಿಗೆ ಚಾಚಿದ ಹಾಗೆ ಕೈ ಚಾಚಿದೆ. ಎದ್ದು, ಅತ್ತೆಯ ಬದಲು ಬಟ್ಟೆಯ ಕಪಾಟಿಗೆ ಭುಜವನ್ನು ಜೋರಾಗಿ ಒತ್ತಿ ನಿಂತೆ. ಗಾಜಿನಾಚೆ ನವಾಝ್ ಕೈಯಲ್ಲಿ ಲೋಟ ಹಿಡಿದು ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದ. ಕಪಾಟಿನಿಂದ ಸರಿದೆ. ತೋಳು ಹಿಂದಿನಿಂದ ಉಸಿರು ತುಂಬಿಕೊಂಡು ಎದ್ದಿತು.

ಅಪ್ಪಯ್ಯಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ನನಗೆ ಅಳು ಬಂತು, ಪಿನ್ನು ಚುಚ್ಚುತ್ತಿದೆ ಎಂದು ಹೇಳಿ ಮುಖ ತಿರುಗಿಸಿದೆ.

"ಇನ್ನೊಮ್ಮೆ ನಡೀರಿ ಮೇಡಮ್," ಅಂದರು. "ಈ ಸಲ ಮೆಲ್ಲ."

ನಾನು ಬಾಗಿಲವರೆಗೆ ವಾಪಸು ಹೋಗಿ, ಮದುಮಗಳ ಹಾಗೆ ಮೆಲ್ಲಗೆ ನಡೆದು ಬಂದೆ.